ಕೋಶ, ದೇಶ ಮತ್ತು ನಮ್ಮ ಊರು

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಉಂಡವಳ್ಳಿಯಲ್ಲಿ ಮಾಡಿದ ಭಾಷಣ)



ಕೋಶ ಓದು, ದೇಶ ಸುತ್ತು ಎಂಬ ಗಾದೆಯನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ಓದುವುದು ಒಂದು ಕೆಲಸ, ಸುತ್ತುವುದು ಇನ್ನೊಂದು ಕೆಲಸ, ಎರಡೂ ಕೂಡಿದರೆ ಮನುಷ್ಯನಿಗೆ ತಿಳಿವು ಬರುತ್ತದೆ ಎಂದು ನಾವು ಅದಕ್ಕೆ ಅರ್ಥ ಹೇಳುವುದುಂಟು. ಈ ಎರಡು ಕೆಲಸಗಳೂ ಬೇರ್ಪಡಿಸಲಾಗದಂತೆ ಒಂದರೊಳಗೊಂದು ಬೆರೆತುಹೋಗಿರುವ ಶಾಸ್ತ್ರವೊಂದಿದೆ. ಅಲ್ಲಿ ಊರೇ ಕೋಶ. ಊರಿನವರ ಮಾತು, ನಡೆ, ಊಟ, ಉಡುಗೆ, ಮದುವೆ, ಮಸಣ, ಜಗಳ, ಜಾತ್ರೆ ಇವೇ ಅದರ ಪುಟಗಳು. ಆ ಶಾಸ್ತ್ರಕ್ಕೆ ಮಾನವಶಾಸ್ತ್ರವೆಂದು ಹೆಸರು.

ಹೈಸ್ಕೂಲು ಮುಗಿಸಿದ ನಮ್ಮ ಮಕ್ಕಳು ಮುಂದೆ ಏನು ಓದಬೇಕೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದರು. ಇಂಜಿನಿಯರು, ವೈದ್ಯ, ಶಿಕ್ಷಕ ಎಂಬ ಮೂರು ದಾರಿಗಳು ತಮಗೆಲ್ಲ ತಿಳಿದಿರತಕ್ಕವು. ತಿಳಿದ ದಾರಿಯನ್ನು ಮತ್ತೆ ತೋರಿಸುವುದಕ್ಕೆ ನನ್ನಂಥವನೊಬ್ಬನು ಇಲ್ಲಿ ನಿಲ್ಲಬೇಕಾದುದಿಲ್ಲ. ಆದಕಾರಣ ಈ ಊರುಗಳಲ್ಲಿ ಅಷ್ಟಾಗಿ ಹೆಸರು ಕೇಳಿಬರದ ಈ ಮಾನವಶಾಸ್ತ್ರವನ್ನೂ, ಅದನ್ನು ದೇಶದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಕಲಿಯುವ ಬಗೆಯನ್ನೂ ಕುರಿತು ಮಾತನಾಡಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ನಾನು ಹೇಳಬೇಕಾದುದು ಒಂದೇ ಸಂಗತಿ. ಈ ವಿದ್ಯೆಗಾಗಿ ಪರದೇಶಕ್ಕೆ ಹೋಗುವುದು ಒಳ್ಳೆಯದು. ಆದರೆ ಹೋಗುವವರ ಬುತ್ತಿಯಲ್ಲಿ ಮನೆಯ ಭಾಷೆ ಇರಬೇಕು. ಆ ಬುತ್ತಿಯನ್ನು ಕಟ್ಟಿಕೊಡುವವರು ಆಕ್ಸ್‌ಫರ್ಡಿನ ಪಂಡಿತರಲ್ಲ, ಈ ಸಭೆಯಲ್ಲಿ ಕುಳಿತಿರುವ ತಾಯಂದಿರು.

ಮೊದಲು ಶಾಸ್ತ್ರವೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ನಮ್ಮಲ್ಲಿ ತಂದೆಯ ಅಣ್ಣನು ದೊಡ್ಡಪ್ಪ. ತಾಯಿಯ ಅಕ್ಕ ದೊಡ್ಡಮ್ಮ. ಅವಳ ಗಂಡನು ಬೇರೆ ಮನೆತನದವನಾದರೂ ಅವನೂ ದೊಡ್ಡಪ್ಪನೇ. ಇವರ ಮಕ್ಕಳೆಲ್ಲರೂ ನಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಆದರೆ ತಾಯಿಯ ಅಣ್ಣತಮ್ಮಂದಿರು ಅಪ್ಪಂದಿರಲ್ಲ, ಸೋದರಮಾವಂದಿರು. ತಂದೆಯ ಅಕ್ಕತಂಗಿಯರು ಅಮ್ಮಂದಿರಲ್ಲ, ಸೋದರತ್ತೆಯರು. ಮದುವೆಯಾದ ಮೇಲೆ ಹೆಣ್ಣು ಕೊಟ್ಟವರನ್ನೂ ಮಾವ, ಅತ್ತೆ ಎಂದೇ ಕರೆಯುತ್ತೇವೆ. ನೆರೆಯ ತೆಲುಗರ ಮನೆಯಲ್ಲಿ ಪೆದ್ದನಾನ್ನ, ಪೆದ್ದಮ್ಮ, ಮೇನಮಾಮ, ಮೇನತ್ತ ಎಂದು ಹೆಸರು ಬೇರೆಯಾಗುತ್ತದೆ, ಲೆಕ್ಕ ಅದೇ ಆಗಿರುತ್ತದೆ. ಯಾವ ಸಂಬಂಧದೊಳಗೆ ಮದುವೆ ಸಲ್ಲುತ್ತದೆ, ಯಾವುದರೊಳಗೆ ಸಲ್ಲದು ಎಂಬ ದೊಡ್ಡ ಕಟ್ಟಳೆಯನ್ನು ಈ ನಾಲ್ಕೈದು ಹೆಸರುಗಳೇ ಕಾಯ್ದುಕೊಂಡು ಬಂದಿವೆ. ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಈ ಕಟ್ಟಳೆಯನ್ನು ಕಲಿತುಬಿಟ್ಟಿರುತ್ತಾರೆ.

ಅಮೆರಿಕಾದಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲನೊಬ್ಬನಿದ್ದನು. ತನ್ನ ಪ್ರಾಂತದ ಸೆನೆಕಾ ಎಂಬ ಮೂಲನಿವಾಸಿಗಳು ನೆಂಟರನ್ನು ಕರೆಯುವ ರೀತಿಯನ್ನು ಕಂಡು ಬೆರಗಾಗಿ, ಲೋಕದ ನಾನಾ ಜನಾಂಗಗಳ ಬಂಧುವಾಚಕ ಪದಗಳನ್ನು ಪತ್ರಮುಖೇನ ತರಿಸಿಕೊಂಡನು. 1871ರಲ್ಲಿ ಅಚ್ಚಾದ ಅವನ ಬೃಹದ್ಗ್ರಂಥದಲ್ಲಿ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಪಟ್ಟಿಯೂ ಇದೆ. ಅಟ್ಲಾಂಟಿಕ್ ಸಾಗರದ ಆಚೆಯ ಕಾಡಿನವರಿಗೂ ದಕ್ಷಿಣ ಭಾರತದ ಗ್ರಾಮಸ್ಥರಿಗೂ ಈ ವಿಷಯದಲ್ಲಿ ಹೋಲಿಕೆಯುಂಟೆಂದು ಅವನು ತೋರಿಸಿದನು. ಅವನು ಎತ್ತಿದ ಪ್ರಶ್ನೆಯಿಂದ ಬಂಧುತ್ವದ ಅಧ್ಯಯನವೆಂಬ ಒಂದು ಶಾಖೆಯೇ ಬೆಳೆಯಿತು. ವಿದ್ವಾಂಸರು ಇಂದಿಗೂ ನಮ್ಮ ಪದ್ಧತಿಯನ್ನು ದ್ರಾವಿಡ ಬಂಧುತ್ವವೆಂಬ ಹೆಸರಿನಿಂದ ಪಾಠ ಮಾಡುತ್ತಾರೆ. ಇಲ್ಲಿಯ ನಡುಮನೆಯ ಮಾತು ಅಲ್ಲಿ ಪಠ್ಯವಿಷಯ! ಆದರೆ ಇದೇ ನಡುಮನೆಗಳಲ್ಲಿ ಇಂದು ದೊಡ್ಡಪ್ಪನೂ ಅಂಕಲ್, ಸೋದರಮಾವನೂ ಅಂಕಲ್, ಬಾಡಿಗೆಗೆ ಬಂದ ನೆರೆಯವನೂ ಅಂಕಲ್ ಆಗಿದ್ದಾನೆ. ಒಂದು ಪದ ಬಂದು ಕುಳಿತಾಗ ಐದು ಪದಗಳು ಎದ್ದುಹೋದವು. ಪದಗಳ ಜೊತೆಗೆ ಕಟ್ಟಳೆಯ ತಿಳಿವಳಿಕೆಯೂ ಎದ್ದುಹೋಗುತ್ತದೆ.

ಇನ್ನು, ಈ ಶಾಸ್ತ್ರವನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಕಲಿಸುತ್ತವೆ. ಹೊರಟ ಮೇಲೆ ತಿಳಿಯುವುದಕ್ಕಿಂತ ಹೊರಡುವ ಮುನ್ನ ಇದನ್ನು ತಿಳಿದುಕೊಳ್ಳುವುದು ಮೇಲು. ಅಮೆರಿಕಾದಲ್ಲಿ ದೇಹರಚನೆಯ ಅಧ್ಯಯನ, ಪ್ರಾಕ್ತನಶಾಸ್ತ್ರ, ಭಾಷಾಶಾಸ್ತ್ರ, ಸಂಸ್ಕೃತಿಯ ಅಧ್ಯಯನ ಎಂಬ ನಾಲ್ಕು ಅಂಗಗಳನ್ನು ಒಂದೇ ವಿಭಾಗದಲ್ಲಿ ಕೂಡಿಸಿ ಕಲಿಸುವ ಸಂಪ್ರದಾಯವಿದೆ. ಈ ಸಂಪ್ರದಾಯವನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಬೇರೂರಿಸಿದ ಫ್ರಾನ್ಸ್ ಬೋವಾಸ್ ಜರ್ಮನಿಯಲ್ಲಿ ಹುಟ್ಟಿದವರು; ಕೀಲ್ ನಗರದಲ್ಲಿ ಅವರು ಪದವಿ ಪಡೆದುದು ಭೌತಶಾಸ್ತ್ರದಲ್ಲಿ, ಸಮುದ್ರದ ನೀರಿನ ಬಣ್ಣವನ್ನು ಕುರಿತು. ಇಂಗ್ಲೆಂಡಿನಲ್ಲಿ ಒಂದು ಸಮಾಜದ ಒಳಗಿನ ಸಂಬಂಧಗಳು ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೇ ಹೆಚ್ಚು ಪ್ರಾಧಾನ್ಯ. ಅದನ್ನು ಸಾಮಾಜಿಕ ಮಾನವಶಾಸ್ತ್ರವೆನ್ನುತ್ತಾರೆ. ಲಂಡನ್ನಿನಲ್ಲಿ ಅದನ್ನು ಪ್ರಸಿದ್ಧಿಗೆ ತಂದ ಮ್ಯಾಲಿನೋವ್‌ಸ್ಕಿಯವರು ಪೋಲೆಂಡಿನ ಕ್ರಾಕೋವ್ ನಗರದವರು. ಜನರ ನಡುವೆ ವರ್ಷಗಟ್ಟಲೆ ಇದ್ದು, ದುಭಾಷಿಯನ್ನು ಬಿಟ್ಟು ಅವರದೇ ಭಾಷೆಯಲ್ಲಿ ಮಾತನಾಡಿ ತಿಳಿಯಬೇಕೆಂಬುದು ಅವರು ಹಾಕಿಕೊಟ್ಟ ಮೇಲ್ಪಂಕ್ತಿ. ಜರ್ಮನಿಯಲ್ಲಿ ದೇಹವನ್ನು ಅಭ್ಯಸಿಸುವ ವಿಭಾಗವೂ ಜನಾಂಗಗಳ ಸಂಸ್ಕೃತಿಯನ್ನು ಅಭ್ಯಸಿಸುವ ವಿಭಾಗವೂ ಬಹುಕಾಲದಿಂದ ಬೇರೆಬೇರೆಯಾಗಿ ಬೆಳೆದವು. ಫ್ರಾನ್ಸಿನಲ್ಲಿ ಡರ್ಕೈಮ್, ಮೋಸ್, ಲೆವಿ-ಸ್ಟ್ರೋಸ್ ಮೊದಲಾದವರ ಪರಂಪರೆಯಲ್ಲಿ ತತ್ತ್ವವಿಚಾರಕ್ಕೆ ಮೊದಲ ಮಣೆ. ಒಟ್ಟಿನಲ್ಲಿ ಈ ಶಾಸ್ತ್ರದ ಆಚಾರ್ಯರಲ್ಲಿ ಅನೇಕರು ಹುಟ್ಟಿದುದು ಒಂದು ದೇಶದಲ್ಲಿ, ಕಲಿತುದು ಎರಡನೆಯದರಲ್ಲಿ, ಅಭ್ಯಾಸ ಮಾಡಿದುದು ಮೂರನೆಯದರಲ್ಲಿ.

ಈಗ ನಮ್ಮವರ ಮಾತಿಗೆ ಬರೋಣ. ಮೈಸೂರು ನರಸಿಂಹಾಚಾರ್ ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಅವರ ಮೊದಲ ಗ್ರಂಥ 1942ರಲ್ಲಿ ಹೊರಬಂದಿತು. ಆಮೇಲೆ ಕೊಡಗರನ್ನು ಕುರಿತು ಸಾಮಗ್ರಿಯನ್ನು ಕೂಡಿಸಿ ಮುಂಬಯಿಯ ಡಾಕ್ಟರೇಟ್ ಪಡೆದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಮಾರ್ಗದರ್ಶನದಲ್ಲಿ, ಅವರು ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ, ಅದೇ ಕೊಡಗಿನ ಸಾಮಗ್ರಿಯನ್ನೇ ಮತ್ತೊಮ್ಮೆ ಮೊದಲಿನಿಂದ ನೋಡಿದರು. ಮುಂಬಯಿಯಲ್ಲಿ ಆಚಾರಗಳ ಸಂಗ್ರಹವಾಗಿದ್ದುದು ಆಕ್ಸ್‌ಫರ್ಡಿನಲ್ಲಿ ಒಂದು ಸಮಾಜದ ಕಟ್ಟಡವಾಗಿ ಕಂಡಿತು. ಒಕ್ಕವೆಂಬ ಕೂಡುಕುಟುಂಬ, ಅದರ ಹಿರಿಯರ ಪೂಜೆ, ಊರಿನ ಹಬ್ಬ, ನಾಡಿನ ಹಬ್ಬ, ಇವೆಲ್ಲ ಒಂದು ಇನ್ನೊಂದನ್ನು ಹೇಗೆ ಹೊತ್ತು ನಿಂತಿವೆ ಎಂಬುದು ತಿಳಿಯಿತು. 1952ರಲ್ಲಿ ಆಕ್ಸ್‌ಫರ್ಡಿನಿಂದಲೇ ಪ್ರಕಟವಾದ ಆ ಗ್ರಂಥ ಅವರಿಗೆ ಲೋಕವಿಖ್ಯಾತಿಯನ್ನು ತಂದಿತು.

ಪರದೇಶದ ವ್ಯಾಸಂಗದಿಂದ ಆಗುವ ಉಪಕಾರವೇನೆಂದು ಕೇಳುವವರಿಗೆ ಇದೇ ಉತ್ತರ. ಸಾಮಗ್ರಿ ನಮ್ಮದೇ, ನೋಟ ಹೊಸದು. ಮೂಗಿಗೆ ಹತ್ತಿರ ಹಿಡಿದ ಹಾಳೆಯನ್ನು ಓದಲಾಗದು. ತೋಳಿನಷ್ಟು ದೂರ ಹಿಡಿಯಬೇಕು. ಪರದೇಶವು ಆ ದೂರವನ್ನು ಕೊಡುತ್ತದೆ. ಆದರೆ ಹಾಳೆಯೇ ಕೈಯಲ್ಲಿಲ್ಲದವನಿಗೆ ದೂರದಿಂದ ಪ್ರಯೋಜನವೇನು? ಕೊಡಗಿನ ಬೆಟ್ಟಗಳಲ್ಲಿ ತಿರುಗಿ ಕೂಡಿಸಿದ ಸಾಮಗ್ರಿಯಿಲ್ಲದೆ ಹೋಗಿದ್ದರೆ ಆಕ್ಸ್‌ಫರ್ಡಿನ ಗುರುಗಳು ಶ್ರೀನಿವಾಸರಿಗೆ ಏನನ್ನು ತಾನೇ ತೋರಿಸಬಲ್ಲವರಾಗಿದ್ದರು?

ಆಕ್ಸ್‌ಫರ್ಡಿನಲ್ಲಿ ಅವರಿಗೆ ಅಧ್ಯಾಪಕ ಪದವಿ ದೊರೆತಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಅವಕಾಶವಿತ್ತರು. ಅವರು ದೂರದ ದ್ವೀಪವನ್ನು ಆರಿಸಿಕೊಳ್ಳಲಿಲ್ಲ. 1948ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಗೆ ಬಂದು, ಗೌಡರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ತಮ್ಮ ಬರಹದಲ್ಲಿ ಆ ಹಳ್ಳಿಯನ್ನು ರಾಂಪುರವೆಂದು ಕರೆದರು. ಸಂಸ್ಕೃತೀಕರಣ, ಪ್ರಬಲ ಜಾತಿ ಎಂದು ಇಂದು ವೃತ್ತಪತ್ರಿಕೆಗಳಲ್ಲಿಯೂ ಕಾಣಬರುವ ಮಾತುಗಳು ಕೊಡಗು, ರಾಂಪುರಗಳ ಅಧ್ಯಯನದಿಂದ ಹುಟ್ಟಿ ಬೆಳೆದವು. 1951ರಲ್ಲಿ ಅವರು ಬರೋಡಾಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. 1959ರಲ್ಲಿ ದೆಹಲಿಗೆ ಹೋದರು. 1972ರಲ್ಲಿ ಬೆಂಗಳೂರಿಗೆ ಬಂದರು. ಆಕ್ಸ್‌ಫರ್ಡಿನಲ್ಲಿ ಅವರು ತೆರವು ಮಾಡಿದ ಸ್ಥಾನಕ್ಕೆ ಫ್ರಾನ್ಸಿನ ಲೂಯಿ ಡ್ಯುಮಾಂಟ್ ಬಂದರು. ತಮಿಳುನಾಡಿನಲ್ಲಿ ಅಧ್ಯಯನ ಮಾಡಿದ ಅವರು ಜಾತಿಪದ್ಧತಿಯನ್ನು ಕುರಿತು ಮುಂದೆ ಹೆಸರಾಂತ ಗ್ರಂಥವನ್ನು ಬರೆದರು.

ಶ್ರೀನಿವಾಸರ ಬಾಳಿನ ಇನ್ನೊಂದು ಘಟನೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. 1970ರಲ್ಲಿ ಅವರು ರಾಂಪುರವನ್ನು ಕುರಿತು ಬರೆಯಲು ಅಮೆರಿಕಾದ ಸ್ಟ್ಯಾನ್‌ಫರ್ಡಿನಲ್ಲಿದ್ದರು. ಆ ವರ್ಷದ ಏಪ್ರಿಲ್ 24ರಂದು ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ, ಹದಿನೆಂಟು ವರ್ಷಗಳಿಂದ ವಿಂಗಡಿಸಿ ಸಿದ್ಧಪಡಿಸಿದ್ದ ಅವರ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಸ್ನೇಹಿತರಾದ ಸೋಲ್ ಟ್ಯಾಕ್ಸ್ ಎಂಬ ಅಮೆರಿಕನ್ ವಿದ್ವಾಂಸರು, ನೆನಪಿನಿಂದಲೇ ಬರೆಯಿರಿ ಎಂದು ಧೈರ್ಯ ಹೇಳಿದರು. ಶ್ರೀನಿವಾಸರು ಬರೆದರು. 1976ರಲ್ಲಿ ಹೊರಬಂದ ಆ ಪುಸ್ತಕದ ಹೆಸರೇ 'ದಿ ರಿಮೆಂಬರ್ಡ್ ವಿಲೇಜ್', ಅಂದರೆ ನೆನಪಿನಲ್ಲಿ ಉಳಿದ ಹಳ್ಳಿ. ಗೌಡರು ಹೇಗೆ ಮಾತನಾಡಿದರು, ಯಾರು ಯಾವ ಮಾತಿಗೆ ನಕ್ಕರು, ಯಾವ ಜಗಳ ಯಾವ ಮಾತಿನಿಂದ ಎದ್ದಿತು ಎಂಬುದು ಇಪ್ಪತ್ತೆರಡು ವರ್ಷ ಕಳೆದ ಮೇಲೂ ಅವರಲ್ಲಿ ಉಳಿದಿತ್ತು. ದುಭಾಷಿಯ ಮೂಲಕ ಕೇಳಿದ ಮಾತು ಕಾಗದದಲ್ಲಿ ಉಳಿಯುತ್ತದೆ, ಕಾಗದದೊಡನೆ ಬೆಂದೂ ಹೋಗುತ್ತದೆ. ತಾನೇ ಆಡಿ, ತಾನೇ ಕೇಳಿದ ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ರಾಂಪುರದ ಮಾತು ಕನ್ನಡವಾಗಿತ್ತು ಎಂಬುದನ್ನು ನಾವು ಮರೆಯಲಾಗದು.

ಎರಡನೆಯ ಉದಾಹರಣೆ ನೆರೆಯ ಮಹಾರಾಷ್ಟ್ರದ್ದು. ಇರಾವತೀ ಕರ್ವೆಯವರು 1905ರಲ್ಲಿ ಬರ್ಮಾ ದೇಶದಲ್ಲಿ ಜನಿಸಿದರು. ಮುಂಬಯಿಯಲ್ಲಿ ಘುರ್ಯೆಯವರಲ್ಲೇ ಓದಿ, 1928ರಲ್ಲಿ ಬರ್ಲಿನ್ನಿಗೆ ಹೋದರು. ಅಲ್ಲಿ ಅವರ ಗುರು ಯೂಜೆನ್ ಫಿಷರ್ ಎಂಬವರು ಜನಾಂಗಗಳಲ್ಲಿ ಮೇಲುಕೀಳುಗಳನ್ನು ಎಣಿಸುತ್ತಿದ್ದವರು. ಮನುಷ್ಯರ ತಲೆಬುರುಡೆಯ ಎಡಬಲಗಳ ಅಂತರವನ್ನು ಅಳೆದು ನೋಡುವ ಕೆಲಸ ಈ ಶಿಷ್ಯೆಯ ಪಾಲಿಗೆ ಬಂದಿತು. ಆಕೆ ಅಳೆದರು, ಗುರುವಿನ ಊಹೆಗೆ ಆಧಾರ ದೊರೆಯಲಿಲ್ಲ, ದೊರೆಯಲಿಲ್ಲವೆಂದೇ ಪ್ರಬಂಧದಲ್ಲಿ ಬರೆದರು. ಪರದೇಶದಲ್ಲಿ, ಪರಭಾಷೆಯಲ್ಲಿ, ಪದವಿಯನ್ನು ಕೊಡತಕ್ಕ ಗುರುವಿನ ಎದುರಿನಲ್ಲಿ ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳು ಕಂಡ ಸತ್ಯವನ್ನು ಕಂಡಂತೆ ಬರೆದುದು ಸಾಮಾನ್ಯವಲ್ಲ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ನೆಲೆಸಿ, ಭಾರತದ ಉದ್ದಗಲ ಸುತ್ತಿ, ನಾನು ಆರಂಭದಲ್ಲಿ ಹೇಳಿದ ಬಂಧುವಾಚಕ ಪದಗಳನ್ನೇ ಹಿಡಿದು 1953ರಲ್ಲಿ ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತು ಮಹಾಗ್ರಂಥವನ್ನು ರಚಿಸಿದರು. ಇಂಗ್ಲಿಷಿನಲ್ಲಿ ಶಾಸ್ತ್ರವನ್ನು ಬರೆದ ಅದೇ ಲೇಖನಿ ಮಹಾಭಾರತದ ಪಾತ್ರಗಳನ್ನು ಕುರಿತ 'ಯುಗಾಂತ'ವನ್ನು ಮರಾಠಿಯಲ್ಲಿ ಬರೆಯಿತು. 1967ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬರ್ಲಿನ್ನಿನ ಪದವಿ ಆಕೆಯ ಮನೆಮಾತನ್ನು ಕಿತ್ತುಕೊಳ್ಳಲಿಲ್ಲ.

ಮೂರನೆಯ ಉದಾಹರಣೆ ಪರದೇಶದಿಂದ ನಮ್ಮ ನೆಲಕ್ಕೆ ಬಂದವರದು. ಕ್ರಿಸ್ಟೋಫ್ ಫ್ಯೂರರ್-ಹೈಮೆಂಡಾರ್ಫ್ ವಿಯೆನ್ನಾದಲ್ಲಿ 1909ರಲ್ಲಿ ಹುಟ್ಟಿ, ಅಲ್ಲಿಯೇ ಡಾಕ್ಟರೇಟ್ ಪಡೆದು, ಲಂಡನ್ನಿನಲ್ಲಿ ಮ್ಯಾಲಿನೋವ್‌ಸ್ಕಿಯವರ ಪಾಠಗಳಲ್ಲಿ ಕುಳಿತವರು. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ಭಾರತದಲ್ಲಿದ್ದರು. ಕೈಯಲ್ಲಿದ್ದುದು ಜರ್ಮನ್ ಪಾಸ್‌ಪೋರ್ಟ್. ಆದಕಾರಣ ಹೈದರಾಬಾದ್ ಸಂಸ್ಥಾನದ ಎಲ್ಲೆಯೊಳಗೇ ಇರಬೇಕೆಂದು ಕಟ್ಟಾಯಿತು. ಆ ಸೆರೆಯನ್ನೇ ಅವರು ಕ್ಷೇತ್ರಕಾರ್ಯವನ್ನಾಗಿ ಮಾಡಿಕೊಂಡರು. 1940ರಲ್ಲಿ ಅಂದಿನ ಮಹಬೂಬ್‌ನಗರ ಜಿಲ್ಲೆಯ ಅಮ್ರಾಬಾದ್ ಪ್ರಸ್ಥಭೂಮಿಗೆ ಹೋಗಿ, ನಲ್ಲಮಲದ ಕಾಡುಗಳಲ್ಲಿ ಬಾಳುವ ಚೆಂಚು ಜನರ ಜೊತೆಗಿದ್ದು, 1943ರಲ್ಲಿ ಅವರನ್ನು ಕುರಿತ ಗ್ರಂಥವನ್ನು ಹೊರತಂದರು. ಕೃಷ್ಣೆಯ ಹರಿವನ್ನು ಹಿಡಿದು ನಮ್ಮಿಂದ ಕೆಳಗೆ ನಡೆದರೆ ಸಿಗುವ ಕಾಡು ಅದು.

ಆಮೇಲೆ ಅವರು ಆದಿಲಾಬಾದಿನ ಗೋಂಡರ ನಡುವೆ ಹೋದರು. ಅಲ್ಲಿಯ ಮಕ್ಕಳು ತಮಗೆ ತಿಳಿಯದ ಭಾಷೆಯಲ್ಲಿ ಮೊದಲ ಪಾಠವನ್ನು ಕೇಳಬೇಕಾದ ಸ್ಥಿತಿಯಿತ್ತು. 1943ರಲ್ಲಿ ಮಾರ್ಲವಾಯಿ ಎಂಬ ಹಳ್ಳಿಯಲ್ಲಿ ಗೋಂಡ ತರುಣರನ್ನೇ ಶಿಕ್ಷಕರನ್ನಾಗಿ ತರಬೇತು ಮಾಡುವ ಕೇಂದ್ರ ಆರಂಭವಾಯಿತು. ಗೋಂಡಿ ಭಾಷೆಯಲ್ಲಿ ಪಾಠಪುಸ್ತಕಗಳು ಸಿದ್ಧವಾದವು. ವಿಯೆನ್ನಾ, ಲಂಡನ್ ಎರಡನ್ನೂ ಕಂಡುಬಂದ ಪಂಡಿತನು, ಮಗುವಿಗೆ ಮೊದಲ ಅಕ್ಷರ ಮನೆಮಾತಿನಲ್ಲಿಯೇ ದೊರೆಯಬೇಕೆಂದು ಇದೇ ತೆಲಂಗಾಣದ ಕಾಡಿನಲ್ಲಿ ನಿಂತು ನಡೆಸಿ ತೋರಿಸಿದನು. ಗಡಿನಾಡಿನ ಕನ್ನಡ ಶಾಲೆಗಳ ಪರವಾಗಿ ನಾವು ಆಡುವ ಮಾತು ಭಾಷಾಭಿಮಾನದ ಹಟವಷ್ಟೇ ಎಂದು ಭಾವಿಸುವವರು ಮಾರ್ಲವಾಯಿಯನ್ನು ನೆನೆಯಬೇಕು.

ಇನ್ನೊಬ್ಬರ ಹೆಸರನ್ನು ಹೇಳಿ ಉದಾಹರಣೆಗಳನ್ನು ಮುಗಿಸುತ್ತೇನೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬವರೂ ವಿಯೆನ್ನಾದವರೇ. ನಾಜಿಗಳ ಹಿಂಸೆಯಿಂದ ಪಾರಾಗಿ ಇಂಗ್ಲೆಂಡು ಸೇರಿದ ಯೆಹೂದಿ ಮಹಿಳೆ. ಮ್ಯಾಂಚೆಸ್ಟರಿನಲ್ಲಿ ಓದಿ, 1954ರಲ್ಲಿ ಮಂಡ್ಯ ಜಿಲ್ಲೆಗೆ ಬಂದು ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಇನ್ನೊಂದರ ಹೊಲಗಳು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದಿದ್ದವು. ನೀರು ಬಂದ ಹಳ್ಳಿಯೇ ಹೆಚ್ಚು ಬದಲಾಯಿತೆಂದು ಯಾರಾದರೂ ಹೇಳಿಯಾರು. ಆಕೆ ಕಂಡುದು ಬೇರೆ. ನೀರು ಬಂದ ಹಳ್ಳಿಯವರು ಕಬ್ಬು ಬೆಳೆದು ಸ್ಥಿತಿವಂತರಾದರು, ಆದರೆ ಬೇಸಾಯವನ್ನೇ ಹಿಡಿದುಕೊಂಡುದರಿಂದ ಹಳೆಯ ಕಟ್ಟುಪಾಡುಗಳು ಹಾಗೆಯೇ ನಿಂತವು. ನೀರು ಬಾರದ ಹಳ್ಳಿಯವರು ಮಂಡ್ಯದ ಕೆಲಸಗಳಿಗೂ ವ್ಯಾಪಾರಕ್ಕೂ ಹೊರಟರು. ಅಲ್ಲಿ ಒಕ್ಕಲು, ಕುಲ, ಯಜಮಾನಿಕೆಗಳ ಸಂಬಂಧವೇ ಸಡಿಲಾಯಿತು. 1962ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ಓದಲ್ಪಡುತ್ತಿದೆ.

ಮಹನೀಯರೇ, ಈ ಪ್ರಶ್ನೆ ಮಂಡ್ಯಕ್ಕೆ ಮಾತ್ರ ಸೇರಿದ್ದೇ? ರಾಜೋಳಿಬಂಡೆಯ ಕಾಲುವೆಯ ನೀರಿಗಾಗಿ ತುಂಗಭದ್ರೆಯ ಈ ದಡದ ರೈತರು ಕಾದ ಕಾಯುವಿಕೆ ತಮಗೆ ತಿಳಿಯದೆ? ಕಾಲುವೆಯ ತಲೆಯ ಊರಿಗೂ ಬಾಲದ ಊರಿಗೂ ನಡುವೆ ಏನೇನು ಬದಲಾಯಿತೆಂದು ಅಳೆದು ಬರೆಯಲು ಮ್ಯಾಂಚೆಸ್ಟರಿನಿಂದಲೇ ಯಾರಾದರೂ ಬರಬೇಕೆ? ಪಾಲಮೂರಿನ ಕೂಲಿಗಳೆಂದು ಹೆಸರಾಗಿ ದೇಶದ ಅಣೆಕಟ್ಟುಗಳನ್ನೂ ರಸ್ತೆಗಳನ್ನೂ ಕಟ್ಟಿದ ಈ ಸೀಮೆಯ ಜನ ಹೋದ ಕಡೆ ಯಾವ ಮಾತನಾಡಿದರು, ತಿರುಗಿ ಬಂದಾಗ ಏನನ್ನು ತಂದರು? ಶ್ರೀಶೈಲ ಜಲಾಶಯದ ನೀರು ಏರಲಿದ್ದಾಗ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ನಿಲ್ಲಿಸಿದರು. ಕಲ್ಲನ್ನು ಎಣಿಸಿ ಸಾಗಿಸಿದವರು ಪ್ರಾಚ್ಯವಸ್ತು ಇಲಾಖೆಯವರು. ಮುಳುಗಿದ ಊರುಗಳ ಹಾಡು, ಹರಕೆ, ಜಾತ್ರೆಗಳನ್ನು ಎಣಿಸಿ ಸಾಗಿಸುವ ಕೆಲಸ ಮಾನವಶಾಸ್ತ್ರಜ್ಞನದು. ಗದ್ವಾಲಿನ ಮಗ್ಗದಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಸಿಕ್ಕಿಸಿ ನೇಯುತ್ತಾರೆ. ಆ ಕೈಚಳಕ ತಂದೆಯಿಂದ ಮಗನಿಗೆ ಯಾವ ಮಾತಿನಲ್ಲಿ ಹೋಗುತ್ತದೆ? ಇವೆಲ್ಲ ಇನ್ನೂ ಬರೆಯಬೇಕಾದ ಪ್ರಬಂಧಗಳು.

ನಮ್ಮ ನೆಲಕ್ಕೆ ಇನ್ನೊಂದು ವಿಶೇಷವಿದೆ. ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿಯ ಚಾಲುಕ್ಯರ ಕಾಲದವು. ಅಲ್ಲಿ ಕನ್ನಡದ ಶಾಸನಗಳೂ ಉಂಟು. 1956ರ ನವೆಂಬರ್ 1ರವರೆಗೆ ಆಲಂಪುರ, ಗದ್ವಾಲ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು, 2014ರಿಂದ ತೆಲಂಗಾಣದಲ್ಲಿವೆ. ಗೆರೆ ಸರಿಯಿತು, ಮನೆಗಳು ಸರಿಯಲಿಲ್ಲ. ಈ ಕಾರಣದಿಂದ ನಮ್ಮ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಅಷ್ಟಿಷ್ಟು ಉರ್ದು, ಶಾಲೆಯಲ್ಲಿ ಇಂಗ್ಲಿಷು ಕಿವಿಗೆ ಬೀಳುತ್ತವೆ. 2018ರ ಕಾಯಿದೆಯಿಂದ ಈ ರಾಜ್ಯದ ಶಾಲೆಗಳಲ್ಲಿ ತೆಲುಗು ಕಡ್ಡಾಯವಾಗಿದೆ. ಇದನ್ನು ಹೊರೆಯೆಂದು ಮರುಗುವವರಿದ್ದಾರೆ. ಮಾನವಶಾಸ್ತ್ರದ ಕಣ್ಣಿಗೆ ಇದು ಗಳಿಕೆ. ಪರದೇಶದ ವಿದ್ಯಾರ್ಥಿಗಳು ಹಣ ತೆತ್ತು ಒಂದು ದೇಶಭಾಷೆಯನ್ನು ಕಲಿತು ಇಲ್ಲಿಗೆ ಬರುತ್ತಾರೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಕನ್ನಡವನ್ನು ಪಾಠ ಹೇಳಿದ್ದಾರೆ. ಅವರು ಬೆವರು ಸುರಿಸಿ ಗಳಿಸುವುದು ನಮ್ಮ ಮಗುವಿಗೆ ತೊಟ್ಟಿಲಲ್ಲೇ ದೊರೆತಿದೆ.

ಇಷ್ಟು ಹೇಳಿದ ಮೇಲೆ ತಂದೆತಾಯಿಗಳ ಸಂದೇಹಗಳಿಗೆ ಉತ್ತರ ಕೊಡದಿದ್ದರೆ ನನ್ನ ಮಾತು ಬರಿಯ ಹೊಗಳಿಕೆಯಾದೀತು. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಇಂಜಿನಿಯರಿಗೆ ಇರುವಷ್ಟು ಉದ್ಯೋಗಗಳು ಇದರಲ್ಲಿ ಇಲ್ಲವೆಂಬುದು ನಿಜ. ಆದರೆ ಅಧ್ಯಾಪನ, 1945ರಲ್ಲಿ ಸ್ಥಾಪಿತವಾಗಿ ಮೈಸೂರಿನಲ್ಲಿಯೂ ಶಾಖೆಯನ್ನು ಹೊಂದಿರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ, ವಸ್ತುಸಂಗ್ರಹಾಲಯಗಳು, ಬುಡಕಟ್ಟು ಕಲ್ಯಾಣ ಹಾಗೂ ಆರೋಗ್ಯದ ಯೋಜನೆಗಳು ಇವರನ್ನು ಬೇಡುತ್ತವೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿಯೂ ಇದು ಆರಿಸಿಕೊಳ್ಳಬಹುದಾದ ವಿಷಯ.

ಖರ್ಚು ಎಷ್ಟೆಂಬುದು ಎರಡನೆಯ ಪ್ರಶ್ನೆ. ಹೊಲ ಮಾರಿ ಮಗನನ್ನು ಹಡಗು ಹತ್ತಿಸಬೇಕೆಂದು ನಾನು ಹೇಳುತ್ತಿಲ್ಲ. ಮೊದಲು ಇಲ್ಲಿಯೇ ಎಂ. ಎ. ಮಾಡಬಹುದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೂ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿಯೂ ಮಾನವಶಾಸ್ತ್ರದ ವಿಭಾಗಗಳಿವೆ. ಇಲ್ಲಿ ಒಂದು ಕ್ಷೇತ್ರಕಾರ್ಯವನ್ನು ಚೆನ್ನಾಗಿ ಮಾಡಿದವರಿಗೆ ಹೊರಗಿನ ಬಾಗಿಲು ಸುಲಭವಾಗಿ ತೆರೆಯುತ್ತದೆ. ಇಂಗ್ಲೆಂಡಿನಲ್ಲಿ ಎಂ. ಎ. ಸಾಮಾನ್ಯವಾಗಿ ಒಂದೇ ವರ್ಷ, ಆದರೆ ಶುಲ್ಕ ಭಾರವಾದುದು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಂಥ ನೆರವಿಲ್ಲದೆ ಹೊರಡುವುದು ಕಷ್ಟ. ಅಮೆರಿಕಾದಲ್ಲಿ ಡಾಕ್ಟರೇಟಿಗೆ ಆರೇಳು ವರ್ಷ ಹಿಡಿದರೂ, ಒಳ್ಳೆಯ ವಿಶ್ವವಿದ್ಯಾನಿಲಯಗಳು ಆರಿಸಿಕೊಂಡವರಿಗೆ ಶುಲ್ಕವನ್ನು ಬಿಟ್ಟು ಜೀವನಕ್ಕೆ ವೇತನವನ್ನೂ ಕೊಡುವುದುಂಟು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಊಟ ವಸತಿಯ ವೆಚ್ಚವನ್ನು ಹೊಂದಿಸಬೇಕು. ಪರಿಶಿಷ್ಟ ಜಾತಿ ಮೊದಲಾದವರಿಗೆ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜಗಳನ್ನು ವಿಷಯವಾಗುಳ್ಳ ಸಂಶೋಧನೆಗೆ ಅದು ದೊರೆಯದೆಂದು 2022ರಲ್ಲಿ ನಿಯಮವನ್ನು ಮಾಡಿದರು. ತನ್ನ ಊರನ್ನೇ ಅಭ್ಯಸಿಸಬಯಸುವ ಬಡವನ ಮಗನಿಗೆ ಇದು ದೊಡ್ಡ ತೊಡಕು. ಆದ್ದರಿಂದ ಅರ್ಜಿ ಹಾಕುವವರು ಆ ಆ ವರ್ಷದ ನಿಯಮಾವಳಿಯನ್ನು ತಾವೇ ಓದಿನೋಡತಕ್ಕದ್ದು. ದಲ್ಲಾಳಿಗಳ ಬಾಯಿಮಾತನ್ನು ನಂಬತಕ್ಕದ್ದಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಅಲ್ಲಿ ನಿಂತೀತೆ ಎಂಬುದು ಮೂರನೆಯ ಪ್ರಶ್ನೆ. ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು, ಇದರಲ್ಲಿ ಮುಚ್ಚುಮರೆಯಿಲ್ಲ. ಓದುವ ಗ್ರಂಥ, ಬರೆಯುವ ಪ್ರಬಂಧ ಎಲ್ಲವೂ ಅದರಲ್ಲಿಯೇ. ಕನ್ನಡ ಶಾಲೆಯಲ್ಲಿ ಇಂಗ್ಲಿಷು ಪಾಠ ಇನ್ನೂ ಗಟ್ಟಿಯಾಗಬೇಕೆಂದು ಕೇಳುವುದು ತಂದೆತಾಯಿಗಳ ಹಕ್ಕು. ಅದನ್ನು ನಡೆಸಿಕೊಡುವುದು ನಮ್ಮಂಥ ಶಿಕ್ಷಕರ ಹೊಣೆ. ಆದರೆ ಇಂಗ್ಲಿಷನ್ನು ಸೇರಿಸಿಕೊಳ್ಳುವುದು ಬೇರೆ, ಕನ್ನಡವನ್ನು ಕಳೆದುಕೊಳ್ಳುವುದು ಬೇರೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನು ಬಿಟ್ಟು ಬೆಳೆದ ಮಗು ನಾಳೆ ಲಂಡನ್ನಿಗೆ ಹೋಗಿ, ಮಾನವಶಾಸ್ತ್ರವನ್ನು ಕಲಿತು, ತನ್ನ ಊರನ್ನು ಕುರಿತೇ ಬರೆಯಲು ಬಂದಿತೆನ್ನಿ. ಅಜ್ಜಿಯ ಎದುರು ಕುಳಿತು, ನಿನ್ನ ಮದುವೆಯ ಹಾಡನ್ನು ಹೇಳು ಎಂದು ಕೇಳಲು ಆ ಮಗುವಿಗೆ ಒಬ್ಬ ದುಭಾಷಿ ಬೇಕಾದೀತು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಕೂಲಿಯ ದುಭಾಷಿ! ಇದಕ್ಕಿಂತ ಹೆಚ್ಚಿನ ಬಡತನವನ್ನು ನಾನು ಊಹಿಸಲಾರೆ. ಬರುವ ಜೂನ್ ತಿಂಗಳಲ್ಲಿ ಮಗುವಿನ ಹೆಸರನ್ನು ಯಾವ ಶಾಲೆಯಲ್ಲಿ ಬರೆಸಬೇಕೆಂದು ತಮ್ಮಲ್ಲಿ ಅನೇಕರ ಮನೆಗಳಲ್ಲಿ ಮಾತು ನಡೆಯುತ್ತದೆ. ಆ ಮಾತಿನ ಹೊತ್ತಿಗೆ ಈ ಚಿತ್ರವೂ ಮನಸ್ಸಿನಲ್ಲಿ ಇರಲೆಂದು ಬೇಡುತ್ತೇನೆ.

ಸಂಘಕ್ಕೂ ಒಂದು ಅರಿಕೆ. ಈ ವಿದ್ಯೆಯ ಆರಂಭಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಎರಡು ಕೈಬರಹದ ಪುಸ್ತಕಗಳು ಸಾಕು. ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ರಜಾದಿನಗಳಲ್ಲಿ ತನ್ನ ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಒಂದು ಪುಸ್ತಕದಲ್ಲಿ ನೆಂಟರ ಹೆಸರುಗಳನ್ನು ಕನ್ನಡ ತೆಲುಗುಗಳೆರಡರಲ್ಲಿಯೂ ಬರೆಯಲಿ. ಇನ್ನೊಂದರಲ್ಲಿ ಬಿತ್ತನೆ, ಮಗ್ಗ, ಅಡಿಗೆ, ಹಬ್ಬಗಳ ಮಾತುಗಳನ್ನು ಬರೆಯಲಿ. ಹೇಳಿದವರು ಯಾರು, ಯಾವ ಊರಿನವರು, ಯಾವ ದಿನ ಹೇಳಿದರು ಎಂಬುದನ್ನು ತಪ್ಪದೆ ಗುರುತಿಸಲಿ. ಹಿರಿಯರ ಒಪ್ಪಿಗೆಯನ್ನು ಕೇಳಿ ಬರೆಯಲಿ. ಅವರು ಬೇಡವೆಂದುದನ್ನು ಬರೆಯದಿರಲಿ. ಇದೂ ಈ ಶಾಸ್ತ್ರದ ಧರ್ಮವೇ. ವರ್ಷಕ್ಕೊಮ್ಮೆ ಸಂಘವು ಅವುಗಳಲ್ಲಿ ಉತ್ತಮವಾದುವನ್ನು ಆರಿಸಿ ತನ್ನ ಸಂಚಿಕೆಯಲ್ಲಿ ಅಚ್ಚುಮಾಡಲಿ. ಒಂದು ಪ್ರತಿಯನ್ನು ಶಾಲೆಯಲ್ಲಿ, ಒಂದನ್ನು ಸಂಘದಲ್ಲಿ, ಒಂದನ್ನು ಮನೆಯಲ್ಲಿ ಬೇರೆಬೇರೆಯಾಗಿ ಇಡಲಿ. ಮೂರು ಪ್ರತಿಗಳನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಏನಾಗುತ್ತದೆಂಬುದನ್ನು ಸ್ಟ್ಯಾನ್‌ಫರ್ಡಿನ ಬೆಂಕಿ ನಮಗೆ ಕಲಿಸಿದೆ.

ಅಂಚು ಎಂಬ ಮಾತಿಗೆ ಕನ್ನಡದಲ್ಲಿ ಕೊನೆ ಎಂಬ ಅರ್ಥವೂ ಇದೆ, ಸೀರೆಯ ಅಂಚೆಂಬ ಅರ್ಥವೂ ಇದೆ. ಗಡಿನಾಡಿನವರನ್ನು ನಾಡಿನ ಕೊನೆಯವರೆಂದು ಕಾಣುವುದು ಮೊದಲ ಅರ್ಥ. ಗದ್ವಾಲಿನ ನೇಕಾರರು ಎರಡನೆಯ ಅರ್ಥವನ್ನು ಬಲ್ಲರು. ಅಂಚಿನ ರೇಷ್ಮೆಯಿಂದಲೇ ಅವರ ಸೀರೆಗೆ ಬೆಲೆ. ಎರಡು ನೂಲುಗಳೂ ತಮ್ಮ ಗುಣವನ್ನು ಕಳೆದುಕೊಳ್ಳದೆ ಒಂದನ್ನೊಂದು ಹಿಡಿದಿರುವುದೇ ಆ ನೇಯ್ಗೆಯ ಬಲ. ಈ ಊರುಗಳ ಮಕ್ಕಳಲ್ಲಿ ಒಬ್ಬರಾದರೂ ದೇಶದೇಶಗಳ ವಿದ್ಯಾಪೀಠಗಳನ್ನು ಕಂಡು, ಅಲ್ಲಿಯ ನೋಟವನ್ನು ಕಲಿತು, ತುಂಗಭದ್ರೆಯ ಈ ದಡದ ಬಾಳನ್ನು ಲೋಕಕ್ಕೆ ಇಂಗ್ಲಿಷಿನಲ್ಲಿಯೂ ನಮಗೆ ಕನ್ನಡದಲ್ಲಿಯೂ ಬರೆದು ತಿಳಿಸುವಂತಾಗಲಿ ಎಂದು ಹಾರೈಸುತ್ತೇನೆ.